ಸ್ವೀಡನ್‌ನ ಧೂಳು, ಗಲ್ಫ್‌ನ ಮರಳು: ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಫ್ಯಾನ್ ಫಿಲ್ಟರ್ ಹಾಕುವ ಬಗೆ

ಗೊಥೆನ್‌ಬರ್ಗ್: ಶಾರ್ಜಾದ ಒಂದು ಟೈಪಿಂಗ್ ಸೆಂಟರ್‌ನಲ್ಲಿ ಒಂಬತ್ತು ವರ್ಷ ಕೂತವನು ನಾನು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಮೊದಲ ಕೆಲಸ ಕೀಬೋರ್ಡ್ ತಲೆಕೆಳಗು ಮಾಡಿ ತಟ್ಟುವುದು, ಆಮೇಲೆ ಚಹಾ. ಹೆಂಡತಿಗೆ ಸ್ವೀಡನ್‌ನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗ, ಸದ್ಯ ಇನ್ನು ಆ ಧೂಳಿನ ಸಹವಾಸ ತಪ್ಪಿತು ಅಂದುಕೊಂಡಿದ್ದೆ. ಸುತ್ತ ಕಾಡು, ಹಿಮ, ತೊಳೆದಿಟ್ಟಂಥ ರಸ್ತೆ. ಎರಡನೇ ವರ್ಷದ ಏಪ್ರಿಲ್‌ನಲ್ಲಿ ನಮ್ಮ ಡೆಸ್ಕ್‌ಟಾಪ್ ತನ್ನಷ್ಟಕ್ಕೆ ಆಫ್ ಆಗತೊಡಗಿತು. ಭಾನುವಾರ ಕುಂದಾಪುರದಲ್ಲಿರುವ ಅಮ್ಮನಿಗೆ ವೀಡಿಯೊ ಕಾಲ್ ಮಾಡಿದರೆ ಹತ್ತು ನಿಮಿಷಕ್ಕೆ ಫ್ಯಾನ್ ಕೂಗುವುದು, ಆಮೇಲೆ ಪರದೆ ಕಪ್ಪು.

ರಿಪೇರಿ ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದೆ. ಮುಚ್ಚಳ ಕೂಡ ತೆಗೆಯದೆ, ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂದರು. ಅಮ್ಮನ ಕಣ್ಣಿನ ಆಪರೇಶನ್‌ಗೆ ಊರಿಗೆ ಹಣ ಕಳಿಸಬೇಕಾಗಿದ್ದ ತಿಂಗಳು ಅದು. ಕಂಪ್ಯೂಟರೋ, ಕಣ್ಣೋ ಎನ್ನುವ ಸ್ಥಿತಿ. ರಾತ್ರಿ ಶಾರ್ಜಾಕ್ಕೆ ಭಾವನಿಗೆ ಫೋನ್ ಮಾಡಿದೆ. ಅವರು ಇವತ್ತಿಗೂ ಅಲ್ಲೇ ಟೈಪಿಂಗ್ ಸೆಂಟರ್ ನೋಡಿಕೊಳ್ಳುತ್ತಾರೆ.

"ಭಾವ, ಇಲ್ಲಿ ಧೂಳೇ ಇಲ್ಲ, ಅದಲ್ಲ ಕಾರಣ" ಅಂದೆ.

"ಧೂಳಿಲ್ಲದ ಊರು ಅಂತ ಇಲ್ಲ ಮಾರಾಯ. ಮೊದಲು ಬಾಗಿಲು ತೆಗೆದು ನೋಡು, ಆಮೇಲೆ ಮಾತಾಡು" ಅಂದರು.

ತೆಗೆದು ನೋಡಿದರೆ ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ ಕಾಣಿಸುತ್ತಲೇ ಇಲ್ಲ. ಫ್ಯಾನಿಗೂ ಅದರ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳಿಗೂ ನಡುವೆ ಬೂದು ಬಣ್ಣದ ಒಂದು ಕಂಬಳಿ. ಕೈಯಲ್ಲಿ ಎತ್ತಿದರೆ ಬಟ್ಟೆಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಅದನ್ನು ತೆಗೆದು, ಬ್ರಶ್‌ನಲ್ಲಿ ಗುಡಿಸಿ, ಮುಂದೆ ಒಂದು ಫಿಲ್ಟರ್ ಹಾಕಿದೆ. ಅದೇ ಕಂಪ್ಯೂಟರಿನಲ್ಲಿ ಈ ಲೇಖನ ಬರೆಯುತ್ತಿದ್ದೇನೆ. ಹೊಸ ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು ಗಲ್ಫ್‌ನಲ್ಲಿರುವವರೂ ಯುರೋಪಿಗೆ ಬಂದವರೂ ತಿಳಿದಿರಬೇಕಾದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ಸ್ವೀಡನ್‌ನಲ್ಲಿ ಧೂಳು ಎಲ್ಲಿಂದ ಬರುತ್ತದೆ?

ಹೆಚ್ಚಿನ ಪಾಲು ಮನೆಯೊಳಗೇ ಹುಟ್ಟುತ್ತದೆ. ಆರು ತಿಂಗಳು ಕಿಟಕಿ ಮುಚ್ಚಿರುವ ಮನೆ. ಉಣ್ಣೆ ಬಟ್ಟೆ, ಹೊದಿಕೆ, ಕಾರ್ಪೆಟ್, ಸಾಕುಪ್ರಾಣಿಯ ಕೂದಲು, ನಮ್ಮದೇ ಚರ್ಮದ ಹೊಟ್ಟು. ಇಲ್ಲಿನ ಹಳೆಯ ವಸತಿ ಕಟ್ಟಡಗಳ ಅಂಗಳದಲ್ಲಿ ಕಾರ್ಪೆಟ್ ಬಡಿಯಲೆಂದೇ ಒಂದು ಕಬ್ಬಿಣದ ಚೌಕಟ್ಟು ನೆಟ್ಟಿರುತ್ತಾರೆ. ಮೊದಲ ಸಲ ನೋಡಿದಾಗ ಮಕ್ಕಳು ಜೋತಾಡಲು ಮಾಡಿದ್ದು ಅಂದುಕೊಂಡಿದ್ದೆ!

ಹೊರಗಿನ ಧೂಳಿಗೂ ಒಂದು ಋತು ಇದೆ. ಚಳಿಗಾಲದಲ್ಲಿ ಕಾರುಗಳು ಮೊಳೆ ಇರುವ ಟೈರ್ ಹಾಕಿಕೊಂಡು ಓಡುತ್ತವೆ. ಜಾರದಿರಲಿ ಅಂತ ರಸ್ತೆ, ಕಾಲುದಾರಿಗೆ ಜಲ್ಲಿಪುಡಿ ಚೆಲ್ಲುತ್ತಾರೆ. ಮೊಳೆ ಡಾಂಬರನ್ನು ಕೆರೆದು ಕಲ್ಲಿನ ಹುಡಿ ಮಾಡುತ್ತದೆ. ಹಿಮ, ಒದ್ದೆ ಇರುವಷ್ಟು ದಿನ ಅದು ನೆಲಕ್ಕೆ ಅಂಟಿಕೊಂಡಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ರಸ್ತೆ ಒಣಗಿದ ಕೂಡಲೇ ಮೇಲೇಳುತ್ತದೆ. ಈ ಕಾಟ ಎಷ್ಟೆಂದರೆ ಸ್ಟಾಕ್‌ಹೋಮ್‌ನ ಹೋರ್ನ್ಸ್‌ಗಾತನ್ ಬೀದಿಯಲ್ಲಿ 2010ರ ಜನವರಿಯಿಂದ ಮೊಳೆ ಟೈರ್ ಕಾರುಗಳನ್ನೇ ನಿಷೇಧಿಸಿದ್ದಾರೆ. ಇದರ ಹಿಂದೆಯೇ ಬರ್ಚ್ ಮರದ ಪರಾಗ. ಕಾರಿನ ಗಾಜಿನ ಮೇಲೆ ಅರಿಶಿನ ಉದುರಿಸಿದ ಹಾಗೆ ಕಾಣುತ್ತದೆ. ನನ್ನ ಕಂಪ್ಯೂಟರ್ ಏಪ್ರಿಲ್‌ನಲ್ಲೇ ಕೈಕೊಟ್ಟದ್ದರ ಗುಟ್ಟು ಇಲ್ಲಿದೆ: ಚಳಿಗಾಲವಿಡೀ ಒಳಗೆ ಕೂಡಿದ ನಾರು, ಅದರ ಮೇಲೆ ವಸಂತದ ಕಲ್ಲು ಹುಡಿ.

ನಾರು ಮತ್ತು ಹುಡಿಯ ಈ ವ್ಯತ್ಯಾಸ ಅರ್ಥವಾದರೆ ಫಿಲ್ಟರಿನ ಅರ್ಧ ಪಾಠ ಮುಗಿದ ಹಾಗೆ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬರ್ಚ್ ಪರಾಗದ ಒಂದು ಕಣ 20ರಿಂದ 25 ಮೈಕ್ರಾನ್. ಗಾಳಿಯಲ್ಲಿ ತೇಲುವ ರಸ್ತೆ ಹುಡಿ, ಮರುಭೂಮಿಯ ಹುಡಿಯಲ್ಲಿ ಬಹಳಷ್ಟು 10 ಮೈಕ್ರಾನಿಗಿಂತಲೂ ಸಣ್ಣದು. ಕಂಪ್ಯೂಟರಿಗೆ ಹಾಕುವ ನೈಲಾನ್ ಜಾಲರಿಯ ಕಣ್ಣುಗಳು ಇವೆಲ್ಲಕ್ಕಿಂತ ದೊಡ್ಡವು. ಹಾಗಾದರೆ ಜಾಲರಿ ಹಾಕಿ ಏನು ಪ್ರಯೋಜನ ಅಂತ ಕೇಳಬಹುದು. ಪ್ರಯೋಜನ ಇದೆ. ಹೀಟ್‌ಸಿಂಕ್ ಪಟ್ಟಿಗಳ ನಡುವೆ ಮೊದಲು ಸಿಕ್ಕಿಬೀಳುವುದು ಕೂದಲು, ಬಟ್ಟೆಯ ನಾರು. ಆ ನಾರೇ ಬಲೆಯಾಗಿ ಹಿಂದಿನಿಂದ ಬರುವ ಸಣ್ಣ ಹುಡಿಯನ್ನೆಲ್ಲ ಹಿಡಿದು ಕಂಬಳಿ ನೇಯುತ್ತದೆ. ಜಾಲರಿ ನಾರನ್ನು ಹೊರಗೇ ತಡೆದರೆ ಕಂಬಳಿಗೆ ಎಳೆಯೇ ಸಿಗುವುದಿಲ್ಲ. ಸಣ್ಣ ಹುಡಿ ಒಳಗೆ ಬಂದರೂ ಬಹಳಷ್ಟು ಹಿಂದಿನಿಂದ ಹೊರಟುಹೋಗುತ್ತದೆ, ಉಳಿದದ್ದು ತೆಳ್ಳಗೆ ಕೂರುತ್ತದೆ. ಅಷ್ಟಕ್ಕೆ ಯಂತ್ರ ಸಾಯುವುದಿಲ್ಲ.

ಧೂಳು ಕೂತರೆ ಆಗುವುದೇನು? ಶಾಖ ಹೊರಹೋಗದೆ ಪ್ರೊಸೆಸರ್ ಬಿಸಿಯಾಗುತ್ತದೆ. ಇಂದಿನ ಹೆಚ್ಚಿನ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಜೀವ ಉಳಿಸಿಕೊಳ್ಳಲು ಆಫ್ ಆಗುತ್ತವೆ. ಹಾಗಾಗಿ 'ಕಂಪ್ಯೂಟರ್ ಸ್ಲೋ ಆಗಿದೆ' ಎನ್ನುವ ದೂರಿನ ಹಿಂದೆ ವೈರಸ್ ಇರಬೇಕೆಂದೇನಿಲ್ಲ. ಎಚ್‌ಡಬ್ಲ್ಯುಇನ್ಫೊದಂಥ ಉಚಿತ ತಂತ್ರಾಂಶ ಹಾಕಿದರೆ ಉಷ್ಣತೆ ಗೊತ್ತಾಗುತ್ತದೆ. ಯಂತ್ರ ಹೊಸದಿದ್ದಾಗಲೇ ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ಮುಂದೆ ಅದೇ ಕೆಲಸಕ್ಕೆ ಹತ್ತು ಹದಿನೈದು ಡಿಗ್ರಿ ಏರಿದೆ ಅಂದರೆ ಬಾಗಿಲು ತೆಗೆಯುವ ಹೊತ್ತು ಬಂತು.

ಗಾಳಿ ಎಲ್ಲಿಂದ ಒಳಬರುತ್ತಿದೆ ನೋಡಿ

ಫಿಲ್ಟರ್ ಕೊಂಡು ಅಂಟಿಸಿದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಮುಂದೆ ಒಳ್ಳೆಯ ಜಾಲರಿ ಹಾಕಿರುತ್ತಾರೆ, ಆದರೆ ಧೂಳು ಹಿಂಬಾಗಿಲಿನಿಂದ ಬರುತ್ತಿರುತ್ತದೆ.

ಇದನ್ನು ನನಗೆ ಅರ್ಥ ಮಾಡಿಸಿದ್ದು ನಾವಿರುವ ಫ್ಲ್ಯಾಟೇ. ಸ್ವೀಡನ್‌ನ ಅನೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಮಾಡಿನ ಮೇಲಿರುವ ಒಂದು ದೊಡ್ಡ ಫ್ಯಾನ್ ಬಚ್ಚಲು, ಅಡುಗೆಮನೆಯ ಗಾಳಿಯನ್ನು ಸತತವಾಗಿ ಹೊರಗೆಳೆಯುತ್ತದೆ. ಒಳಗೆ ಒತ್ತಡ ಕಡಿಮೆಯಾಗುವುದರಿಂದ ಹೊರಗಿನ ಗಾಳಿ ಕಿಟಕಿಯ ಮೇಲೋ ರೇಡಿಯೇಟರ್ ಹಿಂದೆಯೋ ಇರುವ ಸಣ್ಣ ಗವಾಕ್ಷಿಯಿಂದ ಬರಬೇಕು. ಅದರಲ್ಲಿ ಫಿಲ್ಟರ್ ಇದ್ದರೆ ಸರಿ. ಚಳಿ ಬರುತ್ತದೆ ಅಂತ ನಮ್ಮವರು ಅದಕ್ಕೆ ಟೇಪ್ ಬಡಿಯುತ್ತಾರೆ. ಆಗ ಗಾಳಿ ಬಾಗಿಲಿನ ಸಂದಿ, ಮೆಟ್ಟಿಲ ಕಡೆಯ ಧೂಳು, ಪಕ್ಕದ ಮನೆಯ ಸಿಗರೇಟು ವಾಸನೆ ಎಲ್ಲವನ್ನೂ ಎಳೆದುಕೊಂಡು ಬರುತ್ತದೆ. ಗವಾಕ್ಷಿ ಮುಚ್ಚಬೇಡಿ. ಅದರ ಫಿಲ್ಟರ್ ಕಪ್ಪಾಗಿದ್ದರೆ ಕಟ್ಟಡದ ಕಚೇರಿಯವರನ್ನು ಕೇಳಿ. ಕಟ್ಟಡದ ಗಾಳಿ ವ್ಯವಸ್ಥೆಯನ್ನು ನಿಗದಿತ ಅವಧಿಗೊಮ್ಮೆ ತಪಾಸಣೆ ಮಾಡಿಸುವುದು ಮಾಲೀಕರಿಗೆ ಇಲ್ಲಿ ಕಡ್ಡಾಯ. ಅದಕ್ಕೆ ಓ.ವಿ.ಕೆ. ಎನ್ನುತ್ತಾರೆ.

ಕಂಪ್ಯೂಟರ್ ಪೆಟ್ಟಿಗೆಯೂ ಹೀಗೆಯೇ. ಹೊರಗೆ ದಬ್ಬುವ ಫ್ಯಾನ್‌ಗಳು ಹೆಚ್ಚಾಗಿ, ಒಳಗೆ ಎಳೆಯುವವು ಕಡಿಮೆಯಾದರೆ ಒಳಗೆ ನಿರ್ವಾತದ ಕಡೆ ವಾಲುತ್ತದೆ. ಆಗ ಯುಎಸ್‌ಬಿ ಕಿಂಡಿ, ಹಿಂದಿನ ಕಾರ್ಡ್ ಸ್ಲಾಟಿನ ಸೀಳು, ಮುಚ್ಚಳದ ಸಂದಿ ಎಲ್ಲ ಕಡೆಯಿಂದ ಸೋಸದ ಗಾಳಿ ನುಗ್ಗುತ್ತದೆ. ಎಳೆಯುವ ಗಾಳಿ ಸ್ವಲ್ಪ ಹೆಚ್ಚಿದ್ದರೆ ಉಲ್ಟಾ: ಗಾಳಿಯೆಲ್ಲ ಫಿಲ್ಟರ್ ಮೂಲಕವೇ ಬಂದು, ಸಂದಿಗಳಿಂದ ಹೊರಗೆ ಹೋಗುತ್ತದೆ. ಬೇಕಾದ್ದು ಇದು. ಮುಂದೆ 140 ಮಿಲಿಮೀಟರಿನ ಎರಡು ಫ್ಯಾನ್ ಒಳಗೆ, ಹಿಂದೆ 120 ಮಿಲಿಮೀಟರಿನ ಒಂದು ಹೊರಗೆ, ಸಾಮಾನ್ಯ ಮನೆಗೆ ಇಷ್ಟು ಧಾರಾಳ ಸಾಕು. ನೆನಪಿಡಿ, ಫಿಲ್ಟರ್ ಹಾಕಿದ ಫ್ಯಾನ್ ತಡೆಯಿಂದಾಗಿ ಕಡಿಮೆ ಗಾಳಿ ಎಳೆಯುತ್ತದೆ. ಒಂದು ಒಳಗೆ, ಒಂದು ಹೊರಗೆ ಅಂತ ಸಮ ಹಾಕಿದರೆ ಫಿಲ್ಟರ್ ಹಾಕಿದ ಮೇಲೆ ಲೆಕ್ಕ ತಪ್ಪುತ್ತದೆ.

ಫ್ಯಾನ್ ಯಾವ ಕಡೆ ಊದುತ್ತದೆ ಅಂತ ಗೊಂದಲವೇ? ಮೋಟಾರನ್ನು ಹಿಡಿದಿರುವ ಮೂರು ನಾಲ್ಕು ಕಡ್ಡಿಗಳು ಕಾಣುವ ಬದಿಯಿಂದ ಗಾಳಿ ಹೊರಬರುತ್ತದೆ. ತೆರೆದ ಬದಿಯಿಂದ ಒಳಹೋಗುತ್ತದೆ. ಸಂಶಯ ಉಳಿದರೆ ಟಿಶ್ಯೂ ಕಾಗದದ ತೆಳ್ಳನೆಯ ಪಟ್ಟಿ ಹರಿದು, ಕಂಪ್ಯೂಟರ್ ಓಡುತ್ತಿರುವಾಗ ಹಿಂದಿನ ಸ್ಲಾಟುಗಳ ಹತ್ತಿರ ಹಿಡಿಯಿರಿ. ಹೊರಗೆ ಹಾರಿದರೆ ಒಳ್ಳೆಯದು, ಒಳಗೆ ಅಂಟಿಕೊಂಡರೆ ಎಳೆಯುವ ಫ್ಯಾನ್ ಜಾಸ್ತಿ ಮಾಡಿ ಅಥವಾ ಹಿಂದಿನದರ ವೇಗ ಇಳಿಸಿ. ಕೆಲವರು ಊದುಬತ್ತಿ ಹಿಡಿದು ನೋಡುತ್ತಾರೆ. ಕಾಣಲು ಚಂದ, ಆದರೆ ಅದೇ ಹೊಗೆಯ ಅಂಟು ಒಳಗೆ ಹೋಗುತ್ತದೆ ಮಾರಾಯ್ರೆ!

ಯಾವ ಫಿಲ್ಟರ್ ಸಾಕು, ಯಾವುದು ಅತಿಯಾಯಿತು

ಅಂಚಿಗೆ ಅಯಸ್ಕಾಂತದ ಪಟ್ಟಿ ಇರುವ ತೆಳು ಜಾಲರಿ ಬರುತ್ತದೆ. ಉಕ್ಕಿನ ಪೆಟ್ಟಿಗೆಗೆ ಹೊರಗಿನಿಂದ ಇಟ್ಟರೆ ಸಾಕು, ಕಚ್ಚಿಕೊಳ್ಳುತ್ತದೆ. ತೆಗೆದು ತೊಳೆಯಲು ಸ್ಕ್ರೂಡ್ರೈವರ್ ಬೇಡ. ನನ್ನ ಮಟ್ಟಿಗೆ ಅತ್ಯುತ್ತಮ ಇದೇ, ಯಾಕೆಂದರೆ ತೊಳೆಯಲು ಸುಲಭವಾದ ಫಿಲ್ಟರನ್ನೇ ಜನ ತೊಳೆಯುತ್ತಾರೆ. ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಮುಖವಾಡವಿದ್ದರೆ ಅಯಸ್ಕಾಂತ ಹಿಡಿಯದು, ಆಗ ಚೌಕಟ್ಟಿನ ಫಿಲ್ಟರನ್ನು ಫ್ಯಾನಿನ ಸ್ಕ್ರೂಗಳಿಗೇ ಬಿಗಿಯಬೇಕು. ಸ್ಪಂಜಿನ ಫಿಲ್ಟರ್ ಹುಡಿಯನ್ನು ಹೆಚ್ಚು ಹಿಡಿಯುತ್ತದೆ, ಗಾಳಿಯನ್ನೂ ಹೆಚ್ಚು ತಡೆಯುತ್ತದೆ. ಹಳತಾದರೆ ಸ್ಪಂಜೇ ಪುಡಿಯಾಗಿ ಒಳಗೆ ಸೇರುತ್ತದೆ, ಬೆರಳಲ್ಲಿ ಉಜ್ಜಿ ಪರೀಕ್ಷಿಸುತ್ತಿರಿ.

ದುಡ್ಡು ಖರ್ಚು ಮಾಡಲು ಮನಸ್ಸಿಲ್ಲವೇ? ಹೆಂಗಸರ ಹಳೆಯ ನೈಲಾನ್ ಸ್ಟಾಕಿಂಗ್ ಒಂದು ಪದರ ಬಿಗಿಯಾಗಿ ಎಳೆದು ಕಟ್ಟಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಏಸಿ ಫಿಲ್ಟರಿನ ನೈಲಾನ್ ಜಾಲರಿ ಕತ್ತರಿಸಿಯೂ ಹಾಕಬಹುದು. ಹತ್ತಿ ಬಟ್ಟೆ, ಸರ್ಜಿಕಲ್ ಮಾಸ್ಕ್ ಬೇಡ. ಹೆಪಾ ಫಿಲ್ಟರ್ ಹಾಕಿದರೆ ಹೇಗೆ ಅಂತ ಭಾವ ಒಮ್ಮೆ ಕೇಳಿದ್ದರು. 0.3 ಮೈಕ್ರಾನಿನ ಕಣವನ್ನೂ ಶೇ. 99.97ರಷ್ಟು ಹಿಡಿಯುವ ವಸ್ತು ಅದು, ನಿಜ. ಆದರೆ ಅಷ್ಟು ದಟ್ಟ ಕಾಗದದ ಮೂಲಕ ಗಾಳಿ ದಬ್ಬುವ ತಾಕತ್ತು ಕಂಪ್ಯೂಟರಿನ ಪುಟ್ಟ ಫ್ಯಾನಿಗಿಲ್ಲ. ಧೂಳು ಬರುವುದಿಲ್ಲ, ಗಾಳಿಯೂ ಬರುವುದಿಲ್ಲ.

ಹೊಸ ಪೆಟ್ಟಿಗೆ ಕೊಳ್ಳುವವರಿಗೆ ಒಂದು ಸ್ಥಳೀಯ ಸಂಗತಿ. ಕಂಪ್ಯೂಟರ್ ಕ್ಯಾಬಿನೆಟ್‌ಗಳಿಗೆ ಪ್ರಪಂಚದಲ್ಲೆಲ್ಲ ಹೆಸರಾದ ಫ್ರ್ಯಾಕ್ಟಲ್ ಡಿಸೈನ್ ಕಂಪನಿ ನಮ್ಮ ಈ ಗೊಥೆನ್‌ಬರ್ಗ್‌ನದೇ, 2007ರಲ್ಲಿ ಶುರುವಾದದ್ದು. ಅವರ ಮಾದರಿಗಳ ಸಾಲನ್ನು ನೋಡಿದರೆ ಧೂಳು, ಸದ್ದು, ಗಾಳಿ ಈ ಮೂವರ ಜಗಳ ಕಣ್ಣಿಗೆ ಕಟ್ಟುತ್ತದೆ. ಡಿಫೈನ್ ಸರಣಿಯಲ್ಲಿ ಮುಂದೆ ಮುಚ್ಚಿದ ಬಾಗಿಲು, ಸದ್ದು ಹೀರುವ ಪದರ, ಒಳಗೆ ತೆಗೆಯಬಹುದಾದ ಫಿಲ್ಟರ್. ಮೌನವಾಗಿರುತ್ತದೆ, ಗಾಳಿ ಮಾತ್ರ ಪಕ್ಕದ ಸೀಳಿನಿಂದ ಬರಬೇಕು. 2017ರ ಮೆಶಿಫೈ ಸಿ ಮಾದರಿಯಲ್ಲಿ ಮುಂಭಾಗವೇ ಜಾಲರಿಯಾಯಿತು. 2021ರ ಟೊರೆಂಟ್‌ನಲ್ಲಿ 180 ಮಿಲಿಮೀಟರಿನ ಎರಡು ಫ್ಯಾನ್ ಮುಂದೆಯೇ ಕೂತವು. 2022ರ ನಾರ್ತ್‌ನಲ್ಲಿ ಮರದ ಪಟ್ಟಿಗಳು, ಅವುಗಳ ಹಿಂದೆ ಸಣ್ಣ ಕಣ್ಣಿನ ಜಾಲರಿ. ಅದೇ ಕಂಪನಿಯದು ಬೇಕೆಂದೇನಿಲ್ಲ. ಯಾವುದೇ ಕೊಳ್ಳಿ, ಅಂಗಡಿಯಲ್ಲಿ ನಿಂತು ಎರಡು ವಿಷಯ ನೋಡಿ: ಮುಂದಿನ ಫಿಲ್ಟರ್ ಕೈಯಲ್ಲೇ ತೆಗೆಯಲು ಬರುತ್ತದೆಯೇ? ಕೆಳಗೆ ಪವರ್ ಸಪ್ಲೈಗೆ ಬೇರೆ ಫಿಲ್ಟರ್ ಇದ್ದು, ಅದು ಮುಂದಿನಿಂದಲೋ ಹಿಂದಿನಿಂದಲೋ ಡ್ರಾಯರ್ ಹಾಗೆ ಜಾರಿ ಬರುತ್ತದೆಯೇ? ಈ ಕೆಳಗಿನ ಫಿಲ್ಟರ್ ಇದೆ ಅಂತಲೇ ಅನೇಕರಿಗೆ ಗೊತ್ತಿಲ್ಲ. ನೆಲದ ಧೂಳನ್ನೆಲ್ಲ ಎಳೆಯುವುದು ಅದೇ.

ಸ್ವೀಡನ್‌ನ ಅಂಗಡಿಗಳಲ್ಲಿ 'ಡಾಮ್‌ಫಿಲ್ಟರ್' ಅಂದರೆ ಧೂಳಿನ ಫಿಲ್ಟರ್, 'ಫ್ಲೆಕ್ಟ್' ಅಂದರೆ ಫ್ಯಾನ್, 'ಟ್ರಿಕ್‌ಲುಫ್ಟ್' ಅಂದರೆ ಗಾಳಿ ತುಂಬಿದ ಡಬ್ಬಿ. ಕ್ಲಾಸ್ ಉಲ್ಸೋನ್, ಬಿಲ್ಟೆಮಾದಂಥ ಕಡೆ ಈ ಡಬ್ಬಿ ಸಿಗುತ್ತದೆ.

ಸ್ವಚ್ಛ ಮಾಡುವಾಗ

ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ ಹೋಗಲಿ. ಇಲ್ಲಿನ ಚಳಿಗಾಲದಲ್ಲಿ ಹೀಟರ್‌ನಿಂದಾಗಿ ಮನೆಯ ಗಾಳಿ ತೀರಾ ಒಣಗಿರುತ್ತದೆ. ಉಣ್ಣೆ ಕಾಲುಚೀಲ ಹಾಕಿ ಕಾರ್ಪೆಟ್ ಮೇಲೆ ನಡೆದು ಬಾಗಿಲ ಹಿಡಿ ಮುಟ್ಟಿದರೆ ಚಟ್ ಎನ್ನುತ್ತದಲ್ಲ, ಆ ಕಿಡಿ ಒಂದು ಚಿಪ್ ಸುಡಲು ಸಾಕು. ಬರಿಗಾಲಲ್ಲಿ, ಕಾರ್ಪೆಟ್ ಇಲ್ಲದ ಕಡೆ ಕೂತು, ಬಣ್ಣ ಬಳಿಯದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತ ಕೆಲಸ ಮಾಡಿ. ಹಳೆಯ ಸ್ವೀಡಿಶ್ ಕಟ್ಟಡಗಳ ಮಲಗುವ ಕೋಣೆಗಳಲ್ಲಿ ಅರ್ಥಿಂಗ್ ಇಲ್ಲದ ಸಾಕೆಟ್‌ಗಳು ಈಗಲೂ ಇವೆ. ಡೆಸ್ಕ್‌ಟಾಪನ್ನು ಅರ್ಥಿಂಗ್ ಇರುವ ಸಾಕೆಟ್‌ಗೇ ಹಾಕಿ.

ಗಾಳಿ ಡಬ್ಬಿಯನ್ನು ನೇರವಾಗಿ ಹಿಡಿಯಬೇಕು. ಬಾಗಿಸಿದರೆ ಒಳಗಿನ ದ್ರವ ಚಿಮ್ಮಿ ಭಾಗಗಳ ಮೇಲೆ ಮಂಜು ಕಟ್ಟುತ್ತದೆ. ಗಾಳಿ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಬುಗುರಿಯ ಹಾಗೆ ತಿರುಗುವುದನ್ನು ನೋಡಲು ಮಕ್ಕಳಿಗೆ ಖುಷಿ, ಬೇರಿಂಗಿಗೆ ಕೇಡು. ವ್ಯಾಕ್ಯೂಮ್ ಕ್ಲೀನರ್ ಅನ್ನು ಹೊರಗಿನ ಜಾಲರಿಗೆ ಬಳಸಿ, ಬೋರ್ಡಿನ ಹತ್ತಿರ ಒಯ್ಯಬೇಡಿ, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಿರ ವಿದ್ಯುತ್ ಕೂಡುತ್ತದೆ. ಜಾಲರಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಒಳಬದಿಯಿಂದ ಹೊರಬದಿಗೆ ನೀರು ಹರಿಯುವ ಹಾಗೆ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹಾಕಿ. ಪವರ್ ಸಪ್ಲೈ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತರೂ ಅದರ ಕೆಪ್ಯಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಹೊರಗಿನಿಂದ ಗಾಳಿ ಬಿಟ್ಟರೆ ಸಾಕು.

ನಮ್ಮ ಮನೆಗಳಿಗೆ ವಿಶೇಷವಾದ ಇನ್ನೊಂದು ಶತ್ರು ಇದೆ: ಒಗ್ಗರಣೆ. ಮೀನು ಹುರಿದ, ಒಗ್ಗರಣೆ ಹಾಕಿದ ಎಣ್ಣೆಯ ಹಬೆ ಫ್ಯಾನಿನ ರೆಕ್ಕೆಗೆ ಜಿಡ್ಡು ಬಳಿಯುತ್ತದೆ. ಆಮೇಲೆ ಬಂದ ಧೂಳು ಊದಿದರೂ ಹೋಗುವುದಿಲ್ಲ. ಗಲ್ಫ್‌ನಲ್ಲಿ ಬಖೂರ್ ಹೊಗೆಯೂ ಇದನ್ನೇ ಮಾಡುತ್ತದೆ. ಅಡುಗೆಮನೆ, ಹಾಲ್ ಒಂದೇ ಆಗಿರುವ ಮನೆಗಳಲ್ಲಿ ಕಂಪ್ಯೂಟರನ್ನು ಒಲೆಯಿಂದ ದೂರದ ಮೂಲೆಗೆ ಸಾಗಿಸಿ. ರೇಡಿಯೇಟರ್ ಪಕ್ಕವೂ ಬೇಡ. ನೆಲದಿಂದ ಒಂದು ಗೇಣು ಎತ್ತರಕ್ಕೆ ಮಣೆಯ ಮೇಲಿಟ್ಟರೆ ಧೂಳು ಎಷ್ಟು ಕಡಿಮೆಯಾಗುತ್ತದೆಂದು ನೀವೇ ನೋಡುವಿರಿ. ಇದಕ್ಕೆ ಕಾಸಿನ ಖರ್ಚಿಲ್ಲ.

ಎಷ್ಟು ದಿನಕ್ಕೊಮ್ಮೆ? ಸ್ವೀಡನ್‌ನಲ್ಲಿ ನಾನು ಜಾಲರಿಯನ್ನು ತಿಂಗಳಿಗೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಎರಡು ವಾರಕ್ಕೊಮ್ಮೆ ತೊಳೆಯುತ್ತೇನೆ. ಒಳಗನ್ನು ವರ್ಷಕ್ಕೆರಡು ಸಲ. ಭಾವನ ಟೈಪಿಂಗ್ ಸೆಂಟರ್‌ನಲ್ಲಿ ಪ್ರತಿ ಗುರುವಾರ, ಜೂನ್, ಜುಲೈನ ಶಮಾಲ್ ಗಾಳಿ ಬೀಸಿದರೆ ಮರುದಿನವೇ. ಮುಚ್ಚಿಹೋದ ಫಿಲ್ಟರ್ ಇಲ್ಲದ ಫಿಲ್ಟರಿಗಿಂತ ಕಡೆ ಅಂತ ಅವರ ವಾದ, ನಾನೂ ಒಪ್ಪುತ್ತೇನೆ. ಅಂಗಡಿ ಬಾಗಿಲು ದಿನವಿಡೀ ತೆರೆದಿರುವ ಗ್ರೋಸರಿ, ಕೆಫೆಟೇರಿಯಾಗಳಲ್ಲಿ ಸಿಸಿಟಿವಿ ರೆಕಾರ್ಡರ್, ಬಿಲ್ಲಿಂಗ್ ಯಂತ್ರಕ್ಕೂ ಇದೇ ಉಪಚಾರ ಬೇಕು. ಸಮುದ್ರದ ಹತ್ತಿರದ ಊರುಗಳಲ್ಲಿ ತೇವ, ಉಪ್ಪು ಸೇರಿದ ಧೂಳು ಬೋರ್ಡಿನ ಮೇಲೆ ಕೆಸರಿನಂತೆ ಕೂತು ತುಕ್ಕು ತರುತ್ತದೆ, ಅದನ್ನು ವರ್ಷಗಟ್ಟಲೆ ಬಿಡಬಾರದು.

ದೊಡ್ಡವರೂ ಇದೇ ಧೂಳಿನೊಂದಿಗೆ ಹೋರಾಡುತ್ತಾರೆ. ಉತ್ತರ ಸ್ವೀಡನ್‌ನ ಲೂಲಿಯೊದಲ್ಲಿ ಫೇಸ್‌ಬುಕ್ 2013ರಲ್ಲಿ ತೆರೆದ ಡೇಟಾ ಸೆಂಟರ್ ತಂಪಿಗಾಗಿ ಹೊರಗಿನ ಚಳಿಗಾಳಿಯನ್ನೇ ಒಳಗೆಳೆಯುತ್ತದೆ. ಆದರೆ ಮೊದಲು ಸಾಲುಸಾಲು ಫಿಲ್ಟರ್‌ಗಳಲ್ಲಿ ಸೋಸಿ!

ರಿಪೇರಿಗೆ ಕೊಡುವ ಮುನ್ನ ಒಂದು ಮಾತು. ಸ್ವೀಡನ್‌ನ ಅಂಗಡಿಯಲ್ಲಿ ಗ್ರಾಹಕರಾಗಿ ಕೊಂಡ ವಸ್ತುವಿನಲ್ಲಿ ಮೂಲದಲ್ಲೇ ದೋಷವಿದ್ದರೆ ಮೂರು ವರ್ಷದವರೆಗೆ ದೂರು ಕೊಡುವ ಹಕ್ಕು ಕಾನೂನಿನಲ್ಲಿದೆ. ರಸೀದಿ ಎಸೆಯಬೇಡಿ. ಅಂಗಡಿಯವರು ಒಪ್ಪದಿದ್ದರೆ ಎ.ಆರ್.ಎನ್. ಎಂಬ ಸರ್ಕಾರಿ ಮಂಡಳಿಗೆ ಬರೆಯಬಹುದು. ಧೂಳು ಕಟ್ಟಿದ್ದು ಮಾತ್ರ ಅದರಲ್ಲಿ ಬರುವುದಿಲ್ಲ, ಅದು ನಮ್ಮ ಪಾಲಿನ ಕೆಲಸ.

ಗಲ್ಫ್ ಬಿಟ್ಟು ಊರಿಗೋ ಯುರೋಪಿಗೋ ಹೊರಟವರು ಡೆಸ್ಕ್‌ಟಾಪನ್ನು ಕಾರ್ಗೋಗೆ ಹಾಕುವ ಮುನ್ನ ಒಳಗಿನ ಮರಳನ್ನು ಪೂರ್ತಿ ಊದಿ ತೆಗೆಯಿರಿ, ಫಿಲ್ಟರ್ ಕಳಚಿ ಬೇರೆ ಚೀಲದಲ್ಲಿಡಿ, ಹಾರ್ಡ್‌ಡಿಸ್ಕ್ ಬಿಚ್ಚಿ ಕೈಚೀಲದಲ್ಲಿ ತನ್ನಿ. ಚಳಿಯಲ್ಲಿ ಬಂದಿಳಿದ ಪೆಟ್ಟಿಗೆಯನ್ನು ಬೆಚ್ಚಗಿನ ಮನೆಯೊಳಗೆ ತಂದ ಕೂಡಲೇ ಆನ್ ಮಾಡಬೇಡಿ. ತಣ್ಣಗಿನ ಲೋಹದ ಮೇಲೆ ನೀರಿನ ಹನಿ ಕೂತಿರುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಪ್ಲಗ್ ಹಾಕಿ.